ಮಕ್ಕಳಲ್ಲಿ ಚೇಳಿನ ವಿಷಬಾಧೆ ಮತ್ತು ಅದರ ಉಪಚಾರ

ಚೇಳಿನ ಕಡಿತವು ನಮ್ಮ ಬಯಲುಸೀಮೆಯ ಜನರಿಗೆ ಹೊಸ ಸಂಗತಿಯಲ್ಲ. ೨೦೧೪ನೆಯ ನವೆಂಬರ ೧ರಿಂದ ವಿಜಯಪುರವೆಂಬ ಹೆಸರನ್ನು ಪಡೆದ ಹಿಂದಿನ ವಿಜಾಪುರ ಜಿಲ್ಲೆಯಲ್ಲಿ ಜಿಲ್ಲಾಸ್ಥಳದ ತಾಲೂಕನ್ನು ಬಿಟ್ಟರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕೇ ತಾಲೂಕುಗಳು ಬಹುಕಾಲ ಇದ್ದವು. ಈಚೆಗೆ ಅವುಗಳನ್ನು ಒಡೆದು ಹೊಸ ತಾಲೂಕುಗಳನ್ನು ಮಾಡಲಾಗಿದೆ. ಈ ಸೀಮೆಯಿಂದ ಬಂದ ವಿದ್ಯಾರ್ಥಿಗಳಲ್ಲಿ ತಮ್ಮ ಓಣಿಯಲ್ಲಿ ಚೇಳು ಕಡಿಸಿಕೊಂಡವರನ್ನು ಕಾಣದವರು ವಿರಳ. ಬಹುಮಟ್ಟಿಗೆ ಅದು ಒಂದು ರಾತ್ರಿಯ ಯಾತನೆ. ಬೆಳಗಾಗುವಷ್ಟರಲ್ಲಿ ಉರಿ ಇಳಿದು ಮನುಷ್ಯನು ಎದ್ದು ಹೊಲಕ್ಕೆ ಹೋಗುತ್ತಾನೆ. ಆದರೆ ಹಾಗೆಯೇ ಚೇಳು ಕಡಿದ ಕೂಸೊಂದು ಮೈಯೆಲ್ಲ ಬೆವೆತು, ಕೈಕಾಲು ತಣ್ಣಗಾಗಿ, ಉಸಿರಿಗೆ ಒದ್ದಾಡಿ ತೀರಿಕೊಂಡ ಸಂಗತಿಯನ್ನೂ ಹಿರಿಯರು ಹೇಳುತ್ತಾರೆ. ಒಂದೇ ಪ್ರಾಣಿಯ ವಿಷವು ಒಬ್ಬನಲ್ಲಿ ಬರಿಯ ನೋವಾಗಿಯೂ ಇನ್ನೊಬ್ಬನಲ್ಲಿ ಪ್ರಾಣಾಪಾಯವಾಗಿಯೂ ಪರಿಣಮಿಸುವುದೇಕೆ, ಈ ಅಪಾಯಕ್ಕೆ ಉಪಾಯವನ್ನು ವೈದ್ಯರು ಕಂಡುಕೊಂಡ ಬಗೆ ಯಾವುದು, ಆ ಉಪಾಯವು ಜಿಲ್ಲಾ ಆಸ್ಪತ್ರೆಯ ಮಾತಾಗಿರದೆ ಹಳ್ಳಿಯ ದವಾಖಾನೆಯ ಮಾತಾಗಿರುವುದೇಕೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ಪ್ರಾಣಿಯ ವಿಷಯ. ಚೇಳು ಹಲ್ಲಿನಿಂದ ಕಡಿಯುವುದಿಲ್ಲ, ಬಾಲದ ತುದಿಯ ಕೊಂಡಿಯಿಂದ ಚುಚ್ಚುತ್ತದೆ. ಆದರೂ ‘ಕಡಿತ’ವೆಂಬುದು ರೂಢಿಯ ಮಾತಾದುದರಿಂದ ನಾವೂ ಅದನ್ನೇ ಬಳಸುತ್ತೇವೆ. ನಮ್ಮ ಕಡೆಯಲ್ಲಿ ಜನರು ಮುಖ್ಯವಾಗಿ ಎರಡು ಬಗೆಯ ಚೇಳುಗಳನ್ನು ಗುರುತಿಸುತ್ತಾರೆ. ಅಂಗೈ ಉದ್ದದ, ನೋಡಿದರೇ ಎದೆ ಝಲ್ಲೆನ್ನುವ ಕರಿಚೇಳು ಒಂದು. ಅದರ ಇಕ್ಕಳಗಳು ದಪ್ಪ, ಬಾಲವು ತೆಳುವು. ಇನ್ನೊಂದು ಕೆಂಪು ಚೇಳು. ಇದು ಗಾತ್ರದಲ್ಲಿ ಚಿಕ್ಕದು, ಬಣ್ಣ ಕಿತ್ತಳೆಯಿಂದ ಕೆಂಗಂದಿನವರೆಗೆ ಇರುತ್ತದೆ, ಇಕ್ಕಳಗಳು ಸಪೂರ, ಬಾಲವು ಮಾತ್ರ ದಪ್ಪ. ಭೀಕರವಾಗಿ ಕಾಣುವ ಕರಿಚೇಳಿನ ವಿಷವು ಅಷ್ಟು ಘೋರವಲ್ಲ. ಇಕ್ಕಳಗಳ ಬಲದಿಂದಲೇ ಬೇಟೆಯನ್ನು ಹಿಡಿಯಬಲ್ಲ ಅದಕ್ಕೆ ತೀಕ್ಷ್ಣವಿಷದ ಅವಶ್ಯಕತೆಯೂ ಕಡಿಮೆ. ಪ್ರಾಣಘಾತಕವಾದುದು ಕೆಂಪು ಚೇಳು. ೧೭೯೮ರಲ್ಲಿ ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞನಾದ ಫಾಬ್ರಿಸಿಯಸನು ವರ್ಣಿಸಿದ ಈ ಜಾತಿಯನ್ನು ಇಂದು ಹಾಟೆಂಟೋಟಾ ಟ್ಯಾಮ್ಯುಲಸ್ ಎಂದು ಕರೆಯುತ್ತಾರೆ. ಹಳೆಯ ವೈದ್ಯಕೀಯ ಲೇಖನಗಳಲ್ಲಿ ಇದೇ ಪ್ರಾಣಿ ಬ್ಯೂಥಸ್ ಎಂದೂ ಮೆಸೋಬ್ಯೂಥಸ್ ಎಂದೂ ಬರುತ್ತದೆ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರ, ತಮಿಳುನಾಡುಗಳ ಒಣನೆಲದಲ್ಲಿ ಇದರ ವಾಸ.

ಈ ಪ್ರಾಣಿಗೆ ಬೇಕಾದುದು ಬಿರುಕು, ಕತ್ತಲೆ, ಶಾಖ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಹಿತ್ತಿಲಿನ ಕುಳ್ಳಿನ ಒಟ್ಟಿಲು, ತೊಗರಿಕಟ್ಟಿಗೆಯ ಹೊರೆ, ಜೋಳದ ಕಣಿಕೆಯ ಬಣವೆ, ಇವೆಲ್ಲವೂ ಅದಕ್ಕೆ ಒದಗಿಬಂದ ಮನೆಗಳು. ಬೇಸಗೆಯ ಕೊನೆಯಲ್ಲಿ ನೆಲ ಕಾದಾಗಲೂ ಮೊದಲ ಮಳೆಗೆ ಬಿಲಗಳಲ್ಲಿ ನೀರು ಹೊಕ್ಕಾಗಲೂ ಅದು ಹೊರಬೀಳುತ್ತದೆ. ಸಂಚಾರವು ರಾತ್ರಿಯ ವೇಳೆಯಲ್ಲಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಗು, ಬರಿಗಾಲಿನಲ್ಲಿ ಅಂಗಳಕ್ಕೆ ಹೋದ ಮಗು, ಕುಳ್ಳು ತರಲು ಹೋಗಿ ಒಟ್ಟಿಲಿನಲ್ಲಿ ಕೈಯಿಟ್ಟ ಹುಡುಗಿ, ಹೀಗೆ ಮಕ್ಕಳು ಇದಕ್ಕೆ ಸಿಕ್ಕಿಬೀಳುವುದು ಸಹಜವಾಗಿದೆ. ನೀಲಲೋಹಿತಾತೀತ ಕಿರಣಗಳ ದೀಪವನ್ನು ಹಿಡಿದರೆ ಚೇಳಿನ ಮೈ ಕತ್ತಲೆಯಲ್ಲಿ ಹಸುರಾಗಿ ಹೊಳೆಯುತ್ತದೆಂಬುದನ್ನು ಜೀವಶಾಸ್ತ್ರದ ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಿ ನೋಡಬಹುದು.

ಜನರು ಚೇಳಿಗೆ ಅಂಜಿದಷ್ಟೇ ಅದನ್ನು ಪೂಜಿಸಿಯೂ ಬಂದಿದ್ದಾರೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದ ಮೇಲೆ ನಾಗರಪಂಚಮಿಯ ದಿನ ಕೊಂಡಮ್ಮಾಯಿಯ ಭಕ್ತರು ಕಲ್ಲುಗಳನ್ನು ಎತ್ತಿ ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ. ಇನ್ನು ಚೇಳಿನ ಮಂತ್ರ ಬಲ್ಲವರು ಇಲ್ಲದ ಊರಿಲ್ಲ. ಉಳ್ಳಾಗಡ್ಡಿಯನ್ನು ತಿಕ್ಕುವವರು, ಸುಣ್ಣ ಹಚ್ಚುವವರೂ ಇದ್ದಾರೆ. ಇವರೆಲ್ಲರೂ ತಮ್ಮ ಉಪಾಯವು ಗುಣಕಾರಿಯೆಂದು ಪ್ರಾಮಾಣಿಕವಾಗಿ ನಂಬುತ್ತಾರೆ, ಅವರನ್ನು ವಂಚಕರೆಂದು ಹಳಿಯಲು ನಾವು ಸಿದ್ಧರಿಲ್ಲ. ಅವರ ನಂಬಿಕೆಗೆ ಒಂದು ಆಧಾರವಿದೆ. ಕಡಿತಗಳಲ್ಲಿ ಬಹುಪಾಲು ತಾವಾಗಿಯೇ ಗುಣವಾಗತಕ್ಕವು. ಚೇಳು ಪ್ರತಿಸಲವೂ ಪೂರ್ಣಪ್ರಮಾಣದ ವಿಷವನ್ನು ಬಿಡುವುದಿಲ್ಲ, ಕಡಿದುದು ಕರಿಚೇಳಾಗಿರಬಹುದು, ಕಡಿಸಿಕೊಂಡವನು ದೊಡ್ಡವನಾಗಿರಬಹುದು. ತಾನಾಗಿ ಇಳಿಯುವ ನೋವಿಗೆ ಏನು ಮಾಡಿದರೂ ಅದು ಇಳಿದೇ ಇಳಿಯುತ್ತದೆ, ಯಶಸ್ಸು ಮಾತ್ರ ಮಾಡಿದ ಉಪಚಾರಕ್ಕೆ ಸಲ್ಲುತ್ತದೆ. ಈ ಭ್ರಮೆಗೆ ಮಂತ್ರವಾದಿಯೊಬ್ಬನೇ ಒಳಗಾದವನಲ್ಲ. ಪದವಿ ಪಡೆದ ವೈದ್ಯರೂ ಅನೇಕ ವರ್ಷ ಇದೇ ಬಲೆಯಲ್ಲಿ ಸಿಲುಕಿದ್ದರು. ಅದನ್ನು ಮುಂದೆ ಹೇಳುತ್ತೇವೆ.

ವಿಷವು ಶರೀರದಲ್ಲಿ ಮಾಡುವ ಕೆಲಸವನ್ನು ತಿಳಿಯದೆ ಉಪಚಾರದ ಮರ್ಮವು ತಿಳಿಯಲಾರದು. ನರತಂತುವಿನ ಹೊರಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಅಯಾನುಗಳು ಹಾದುಹೋಗುವ ಸೂಕ್ಷ್ಮದ್ವಾರಗಳಿವೆ. ಸೋಡಿಯಂ ದ್ವಾರವು ಕ್ಷಣಮಾತ್ರ ತೆರೆದು ಮುಚ್ಚಿಕೊಂಡಾಗ ಒಂದು ಸಂದೇಶವು ಮುಂದೆ ಸಾಗುತ್ತದೆ. ಪೊಟ್ಯಾಸಿಯಂ ಹೊರಹರಿದಾಗ ತಂತುವು ಮತ್ತೆ ಶಾಂತಸ್ಥಿತಿಗೆ ಬರುತ್ತದೆ. ಕೆಂಪು ಚೇಳಿನ ವಿಷದಲ್ಲಿರುವ ಸಣ್ಣ ಪ್ರೋಟೀನುಗಳು ಸೋಡಿಯಂ ದ್ವಾರವನ್ನು ಬೇಗನೆ ಮುಚ್ಚಗೊಡುವುದಿಲ್ಲ. ಬೇರೆ ಕೆಲವು ಪೊಟ್ಯಾಸಿಯಂ ದ್ವಾರಗಳನ್ನು ಅಡಗಟ್ಟುತ್ತವೆ. (ಇದೇ ವಿಷದಿಂದ ೧೯೯೦ರಲ್ಲಿ ಬೇರ್ಪಡಿಸಿದ ಇಬೇರಿಯೋಟಾಕ್ಸಿನ್ ಎಂಬ ಪದಾರ್ಥವು ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಪೊಟ್ಯಾಸಿಯಂ ದ್ವಾರಗಳ ಅಭ್ಯಾಸಕ್ಕೆ ಬಳಕೆಯಾಗುತ್ತಿದೆ.) ಪರಿಣಾಮವಾಗಿ ನರತಂತುಗಳು ಅಪ್ಪಣೆಯಿಲ್ಲದೆ ಮೇಲಿಂದ ಮೇಲೆ ಸಂದೇಶಗಳನ್ನು ಸುರಿಸತೊಡಗುತ್ತವೆ.

ನಮ್ಮ ಇಚ್ಛೆಗೆ ಒಳಪಡದೆ ಹೃದಯ, ರಕ್ತನಾಳ, ಗ್ರಂಥಿಗಳನ್ನು ನಡೆಸುವ ನರವ್ಯೂಹಕ್ಕೆ ಎರಡು ಶಾಖೆಗಳಿವೆ. ವಿಶ್ರಾಂತಿ, ಪಚನಗಳನ್ನು ನೋಡಿಕೊಳ್ಳುವುದು ಒಂದು. ಭಯ, ಶ್ರಮಗಳ ಕಾಲದಲ್ಲಿ ದೇಹವನ್ನು ಸನ್ನದ್ಧಗೊಳಿಸುವುದು ಇನ್ನೊಂದು. ವಿಷವು ಎರಡನ್ನೂ ಒಮ್ಮೆಲೇ ಬಡಿದೆಬ್ಬಿಸುತ್ತದೆ. ಮೊದಲನೆಯದರ ಉದ್ರೇಕದಿಂದ ವಾಂತಿ, ಜೊಲ್ಲು, ಬಟ್ಟೆ ತೊಯ್ಯುವಷ್ಟು ಬೆವರು. ಇವು ಮೊದಲು ತೋರಿ ಬೇಗ ಅಡಗುತ್ತವೆ. ಎರಡನೆಯದರ ಉದ್ರೇಕವು ಹೆಚ್ಚು ಹೊತ್ತು ನಿಲ್ಲುತ್ತದೆ, ಕೊಲ್ಲುವುದೂ ಅದೇ. ಅಡ್ರಿನಾಲಿನ್, ನಾರಡ್ರಿನಾಲಿನ್ ಎಂಬ ದ್ರವ್ಯಗಳು ರಕ್ತಕ್ಕೆ ನುಗ್ಗಿ ರಕ್ತನಾಳಗಳ ಗೋಡೆಯಲ್ಲಿರುವ ಆಲ್ಫಾ ಗ್ರಾಹಿಗಳನ್ನು ಕೆರಳಿಸುತ್ತವೆ, ನಾಳಗಳು ಬಿಗಿದುಕೊಳ್ಳುತ್ತವೆ, ಕೈಕಾಲಿಗೆ ರಕ್ತ ಸಾಲದೆ ಅವು ತಣ್ಣಗಾಗುತ್ತವೆ, ರಕ್ತದೊತ್ತಡವು ಏರುತ್ತದೆ. ಬಾಯಿ ಕಟ್ಟಿದ ಚೀಲಕ್ಕೆ ನೀರೊತ್ತುವ ಪಂಪಿನಂತೆ ಹೃದಯವು ಬಿಗಿದ ನಾಳಗಳ ವಿರುದ್ಧ ದುಡಿಯಬೇಕಾಗುತ್ತದೆ. ಅದೇ ವೇಳೆಗೆ ಇನ್ಸುಲಿನ್ನಿನ ಸ್ರಾವವೂ ಕುಗ್ಗುವುದರಿಂದ ಹೃದಯದ ಸ್ನಾಯುವಿಗೆ ಬೇಕಾದ ಸಕ್ಕರೆಯು ರಕ್ತದಲ್ಲಿದ್ದೂ ದಕ್ಕುವುದಿಲ್ಲ. ಕೆಲವು ಗಂಟೆಗಳಲ್ಲಿ ಹೃದಯವು ಸೋಲುತ್ತದೆ, ಹಿಂದೊತ್ತಿದ ರಕ್ತದ ದ್ರವವು ಪುಪ್ಪುಸಗಳಲ್ಲಿ ಸೋರಿ ತುಂಬುತ್ತದೆ, ಮಗು ಕೆಮ್ಮುತ್ತದೆ, ಕೂತು ಉಸಿರೆಳೆಯಲು ಹವಣಿಸುತ್ತದೆ, ಬಾಯಲ್ಲಿ ನೊರೆ ಕಾಣುತ್ತದೆ. ಆ ಬಳಿಕ ಏರಿದ್ದ ರಕ್ತದೊತ್ತಡವು ಕುಸಿಯುತ್ತದೆ.

ಐವತ್ತು ಕಿಲೋ ತೂಗುವ ರೈತನಿಗೂ ಹತ್ತು ಕಿಲೋ ತೂಗುವ ಕೂಸಿಗೂ ಚೇಳು ಬಿಡುವ ವಿಷವು ಅಷ್ಟೇ. ದೇಹದ ತೂಕಕ್ಕೆ ಹೋಲಿಸಿದರೆ ಕೂಸಿಗೆ ಐದು ಪಾಲು ಹೆಚ್ಚು ಬಿದ್ದಂತಾಯಿತು. ಮಕ್ಕಳೇ ಹೆಚ್ಚಾಗಿ ಸಾಯುವುದಕ್ಕೆ ಇದು ಮುಖ್ಯ ಕಾರಣ.

ಇಲ್ಲಿ ವಾಚಕರು ಗಮನಿಸತಕ್ಕ ಒಂದು ವಿಪರ್ಯಾಸವಿದೆ. ಮನೆಯವರು ಮಗುವಿನ ಅಳುವಿನಿಂದ ಅಪಾಯವನ್ನು ಅಳೆಯುತ್ತಾರೆ: ಕಿರುಚಿದರೆ ಗಾಬರಿ, ಸುಮ್ಮನಾದರೆ ಸಮಾಧಾನ. ಕೆಂಪು ಚೇಳಿನ ವಿಷಯದಲ್ಲಿ ಈ ಅಳತೆಗೋಲು ಮೋಸ ಮಾಡುತ್ತದೆ. ತೀವ್ರವಾದ ಸ್ಥಳೀಯ ನೋವಿದ್ದು ಕೈಕಾಲು ಬೆಚ್ಚಗಿದ್ದ ರೋಗಿಗಳು ಸಾಮಾನ್ಯವಾಗಿ ಕ್ಷೇಮವಾಗಿರುತ್ತಾರೆಂದೂ, ವಿಷವು ಮೈಯೆಲ್ಲ ಏರಿದವರಲ್ಲಿ ನೋವು ಅನೇಕವೇಳೆ ಅಲ್ಪವಾಗಿರುತ್ತದೆಂದೂ ವೈದ್ಯರು ಕಂಡುಕೊಂಡಿದ್ದಾರೆ. ಅಳು ನಿಂತು, ಹಣೆಯಲ್ಲಿ ಬೆವರಿಳಿದು, ಪಾದ ತಣ್ಣಗಾದ ಮಗುವನ್ನು ‘ಮಂತ್ರಕ್ಕೆ ಇಳಿಯಿತು, ಮಲಗಲಿ’ ಎಂದು ಮಲಗಿಸುವುದು ಅತ್ಯಂತ ಅಪಾಯಕರ. ಇದನ್ನು ತಿಳಿಯಲು ಯಾವ ಯಂತ್ರವೂ ಬೇಡ; ತಾಯಿಯ ಅಂಗೈಯನ್ನು ಮಗುವಿನ ಪಾದದ ಮೇಲೆ ಇಟ್ಟರೆ ಸಾಕು.

ಈ ಶತ್ರುವನ್ನು ಎದುರಿಸಲು ಹಿಂದಿನ ವೈದ್ಯರು ಮಾಡಿದ ಪ್ರಯತ್ನಗಳು ಸದುದ್ದೇಶದವೇ ಆಗಿದ್ದವು. ವಾಂತಿ, ಬೆವರು, ಜೊಲ್ಲುಗಳು ಕಣ್ಣಿಗೆ ಕಾಣುವುದರಿಂದ ಅವನ್ನು ನಿಲ್ಲಿಸಲು ಅಟ್ರೋಪಿನ್ ಚುಚ್ಚಿದರು. ಅವು ನಿಂತವು, ಆದರೆ ಮೊದಲೇ ಓಡುತ್ತಿದ್ದ ಹೃದಯವು ಅಟ್ರೋಪಿನ್ನಿನಿಂದ ಇನ್ನಷ್ಟು ಓಡಿತು, ಕೊಲ್ಲುವ ಶಾಖೆಗೆ ಎದುರಿಲ್ಲದಂತಾಯಿತು. ಸ್ಟಿರಾಯ್ಡುಗಳನ್ನು ಧಾರಾಳವಾಗಿ ಕೊಟ್ಟರು, ಪ್ರಯೋಜನ ಕಾಣಲಿಲ್ಲ. ಪೆಥಿಡಿನ್, ಪ್ರೊಮೆಥಜಿನ್, ಕ್ಲೋರ್‌ಪ್ರೊಮಜಿನ್ ಬೆರೆಸಿದ ಮಿಶ್ರಣವನ್ನು ಕೊಟ್ಟು ರೋಗಿಯನ್ನು ಮಂಪರಿಗೆ ತಳ್ಳಿದರು. ನಾವು ಮೇಲೆ ಹೇಳಿದ ಬಲೆಯು ಇದೇ. ಹತ್ತರಲ್ಲಿ ಏಳೆಂಟು ಜನ ಬದುಕುವ ರೋಗದಲ್ಲಿ ಪ್ರತಿಯೊಬ್ಬ ವೈದ್ಯನೂ ತನ್ನ ಮಿಶ್ರಣದಿಂದ ಬದುಕಿದವರನ್ನು ತೋರಿಸಬಲ್ಲನು.

ಉತ್ತರವು ದೊರೆತುದು ನಮ್ಮ ನೆರೆಯ ಕೊಂಕಣದಲ್ಲಿ. ೧೯೨೭ರ ಚವದಾರ ಕೆರೆಯ ಸತ್ಯಾಗ್ರಹದಿಂದ ನಮ್ಮ ವಾಚಕರಿಗೆ ಪರಿಚಿತವಾಗಿರುವ ಮಹಾಡಿನ ಸಮೀಪದಲ್ಲಿ ಬಿರವಾಡಿ ಎಂಬ ಗ್ರಾಮವಿದೆ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ೧೯೭೬ರಲ್ಲಿ ತರುಣ ವೈದ್ಯರಾಗಿ ಬಂದ ಹಿಮ್ಮತರಾವ ಬಾವಸ್ಕರರು ಚೇಳು ಕಡಿದ ಮಕ್ಕಳು ಪುಪ್ಪುಸದಲ್ಲಿ ನೀರು ತುಂಬಿ ಸಾಯುವುದನ್ನು ಕಂಡರು. ಪಠ್ಯಗ್ರಂಥಗಳು ಈ ವಿಷಯದಲ್ಲಿ ಬಹಳ ನೆರವಾಗಲಿಲ್ಲ. ಅವರು ರೋಗಿಗಳ ಹಾಸಿಗೆಯ ಬಳಿಯಲ್ಲಿಯೇ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಕೈಕಾಲುಗಳ ಶಾಖ ಇವನ್ನು ಗಂಟೆ ಗಂಟೆಗೂ ಬರೆದಿಟ್ಟರು. ಹೃದಯವು ಸೋಲುವ ಮುನ್ನ ತೋರುವ ಸೂಚನೆಗಳನ್ನು ಕುರಿತ ಅವರ ಲೇಖನವು ೧೯೮೨ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇನೆಯ ಮೂಲವು ನಾಳಗಳ ಬಿಗಿತವಾದರೆ ನಾಳಗಳನ್ನು ಸಡಿಲಿಸುವ ಔಷಧವೇ ಬೇಕು ಎಂಬುದು ಅವರ ತರ್ಕ. ಮೊದಲು ಸೋಡಿಯಂ ನೈಟ್ರೋಪ್ರಸೈಡನ್ನು ಹನಿಹನಿಯಾಗಿ ರಕ್ತನಾಳಕ್ಕೆ ಬಿಟ್ಟು ನೋಡಿದರು, ಗುಣವು ಕಂಡಿತು. ಆದರೆ ಹನಿಯೊಂದು ಹೆಚ್ಚಾದರೆ ರಕ್ತದೊತ್ತಡವು ಕುಸಿಯುವ ಈ ಔಷಧಕ್ಕೆ ವೈದ್ಯನು ಬಿಡದೆ ಕಾವಲಿರಬೇಕು. ಹಳ್ಳಿಯ ದವಾಖಾನೆಗೆ ಅದು ಹೇಳಿಸಿದ್ದಲ್ಲ. ಅದೇ ಗುಣವನ್ನು ಬಾಯಿಂದ ಕೊಡಬಹುದಾದ ಗುಳಿಗೆಯಲ್ಲಿ ಹುಡುಕಿದಾಗ, ರಕ್ತದೊತ್ತಡದ ರೋಗಿಗಳಿಗಾಗಿ ಆಗಲೇ ಪೇಟೆಯಲ್ಲಿದ್ದ ಪ್ರಾಜೋಸಿನ್ ದೊರೆಯಿತು. ವಿಷವು ಕೆರಳಿಸುವ ಆಲ್ಫಾ ಗ್ರಾಹಿಗಳನ್ನೇ ಇದು ಮುಚ್ಚುತ್ತದೆ. ೧೯೮೬ರಲ್ಲಿ ಆ ಅನುಭವವನ್ನು ಅವರು ‘ಲ್ಯಾನ್ಸೆಟ್’ನಲ್ಲಿಯೇ ಪ್ರಕಟಿಸಿದರು. ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರರೂ ಈ ಕಾರ್ಯದಲ್ಲಿ ಸಹಭಾಗಿಗಳು. ತೀವ್ರ ವಿಷಬಾಧೆಯಲ್ಲಿ ಹಿಂದೆ ನೂರಕ್ಕೆ ಮೂವತ್ತರ ಸುಮಾರಿನಲ್ಲಿದ್ದ ಮರಣಗಳು ಈ ಗುಳಿಗೆಯ ಬಳಕೆಯ ನಂತರ ನೂರಕ್ಕೆ ಒಂದರ ಆಸುಪಾಸಿಗೆ ಇಳಿದುವೆಂದು ಅವರ ಬರವಣಿಗೆಗಳಿಂದ ತಿಳಿಯುತ್ತದೆ. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಇಷ್ಟಾದರೂ ಒಂದು ಶಂಕೆಗೆ ಎಡೆಯಿತ್ತು. ‘ಹಿಂದೆ ಇಷ್ಟು ಸಾಯುತ್ತಿದ್ದರು, ಈಗ ಇಷ್ಟು’ ಎಂಬ ಹೋಲಿಕೆಯಲ್ಲಿ ಔಷಧದ ಹೊರತಾಗಿ ಬೇರೆಯವೂ ಬದಲಾಗಿರಬಹುದು: ರಸ್ತೆಗಳು ಸುಧಾರಿಸಿ ರೋಗಿಗಳು ಬೇಗನೆ ಬಂದಿರಬಹುದು, ಸೌಮ್ಯ ರೋಗಿಗಳೇ ಹೆಚ್ಚು ದಾಖಲಾಗಿರಬಹುದು. ಇದಕ್ಕೆ ಪರಿಹಾರವೆಂದರೆ ಏಕಕಾಲದಲ್ಲಿ ಬಂದ ರೋಗಿಗಳನ್ನು ವೈದ್ಯನ ಇಚ್ಛೆಯಿಂದಲ್ಲದೆ ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವುದು. ಆದರೆ ಜೀವವುಳಿಸುತ್ತಿರುವಂತೆ ಕಾಣುವ ಗುಳಿಗೆಯನ್ನು ಪರೀಕ್ಷೆಗೋಸ್ಕರ ಅರ್ಧದಷ್ಟು ಮಕ್ಕಳಿಗೆ ಕೊಡದಿರುವುದು ಯಾವ ನ್ಯಾಯ? ಆದುದರಿಂದ ಪ್ರಾಜೋಸಿನ್ನನ್ನು ಎಲ್ಲರಿಗೂ ಕೊಟ್ಟು, ಅರ್ಧ ಜನರಿಗೆ ಮಾತ್ರ ಪ್ರತಿವಿಷವನ್ನೂ ಕೂಡಿಸಿ ನೋಡುವ ಪರೀಕ್ಷೆಯನ್ನು ಬಾವಸ್ಕರ ದಂಪತಿಗಳು ಮಹಾಡಿನಲ್ಲಿ ನಡೆಸಿದರು. ಈ ಪ್ರತಿವಿಷವು ಮುಂಬಯಿಯ ಹಾಫ್ಕಿನ್ ಸಂಸ್ಥೆಯು ಕುದುರೆಯ ರಕ್ತರಸದಿಂದ ತಯಾರಿಸುವಂಥದು. ೨೦೧೧ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ೭೦ ರೋಗಿಗಳಿದ್ದರು. ಪ್ರತಿವಿಷ ಪಡೆದ ೩೫ ಜನರಲ್ಲಿ ೩೨ ಜನ ಹತ್ತು ಗಂಟೆಗಳೊಳಗೆ ಚೇತರಿಸಿಕೊಂಡರು. ಪ್ರಾಜೋಸಿನ್ ಮಾತ್ರ ಪಡೆದ ೩೫ ಜನರಲ್ಲಿ ೮ ಜನ. ಯಾರಿಗೆ ಯಾವ ಔಷಧವೆಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದಿದ್ದುದು ಈ ಪರೀಕ್ಷೆಯ ದೌರ್ಬಲ್ಯ. ಪುದುಚೇರಿಯ ಜಿಪ್ಮೆರ್ ಸಂಸ್ಥೆಯ ಮಕ್ಕಳ ವೈದ್ಯರು ಮಕ್ಕಳಲ್ಲಿಯೇ ಇಂಥದೇ ಪರೀಕ್ಷೆ ನಡೆಸಿ ೨೦೧೪ರಲ್ಲಿ ಪ್ರಕಟಿಸಿದರು. ಎರಡೂ ಔಷಧಗಳನ್ನು ಪಡೆದ ಮಕ್ಕಳು ಬೇಗನೆ ಗುಣ ಹೊಂದಿದರೆಂದು ಅವರೂ ಕಂಡರು.

ಹೊರದೇಶಗಳ ಪರೀಕ್ಷೆಗಳನ್ನು ಇದರೊಡನೆ ಎಚ್ಚರಿಕೆಯಿಂದ ಓದಬೇಕು. ೧೯೯೯ರಲ್ಲಿ ಟ್ಯುನೀಸಿಯದ ವೈದ್ಯರು ೮೨೫ ರೋಗಿಗಳನ್ನು ಪರೀಕ್ಷಿಸಿ, ಚೇಳು ಕಡಿದವರಿಗೆಲ್ಲ ಪ್ರತಿವಿಷ ಕೊಡುವುದರಿಂದ ಲಾಭವಿಲ್ಲವೆಂದರು. ೨೦೦೯ರಲ್ಲಿ ಅಮೆರಿಕದ ಅರಿಜೋನಾ ಪ್ರಾಂತದಲ್ಲಿ ಅತ್ಯಂತ ವಿಷಮಸ್ಥಿತಿಯ ಕೇವಲ ೧೫ ಮಕ್ಕಳ ಪರೀಕ್ಷೆಯಲ್ಲಿ ಪ್ರತಿವಿಷ ಪಡೆದ ಎಂಟೂ ಮಕ್ಕಳು ನಾಲ್ಕು ಗಂಟೆಗಳಲ್ಲಿ ಚೇತರಿಸಿಕೊಂಡರೆ ಪಡೆಯದ ಏಳರಲ್ಲಿ ಒಂದೇ ಚೇತರಿಸಿಕೊಂಡಿತು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧ. ಆದರೆ ಟ್ಯುನೀಸಿಯದವರು ಹತ್ತು ವರ್ಷ ಮೀರಿದವರನ್ನು, ಸೌಮ್ಯ ತೀವ್ರವೆಂಬ ಭೇದವಿಲ್ಲದೆ ತೆಗೆದುಕೊಂಡಿದ್ದರು. ತಾನಾಗಿ ಗುಣವಾಗುವವರಲ್ಲಿ ಯಾವ ಔಷಧವೂ ತನ್ನ ಗುಣವನ್ನು ತೋರಿಸಲಾರದು. ಅಲ್ಲದೆ ಮೂರೂ ನಾಡುಗಳ ಚೇಳುಗಳು ಬೇರೆ ಬೇರೆ ಜಾತಿಯವು. ಪ್ರತಿವಿಷವು ರಕ್ತದಲ್ಲಿ ಇನ್ನೂ ಸಂಚರಿಸುತ್ತಿರುವ ವಿಷವನ್ನು ಹಿಡಿಯಬಲ್ಲುದು; ಆಗಲೇ ಕೆರಳಿದ ನಾಳಗಳನ್ನು ಸಡಿಲಿಸಲಾರದು. ಅದಕ್ಕಾಗಿಯೇ ಅದು ಇದ್ದರೂ ಗುಳಿಗೆಯನ್ನು ಬಿಡುವಂತಿಲ್ಲ.

ಕೃಷ್ಣೆಯ ಆಚೆಯ ಬಾಗಲಕೋಟೆಯ ಮಕ್ಕಳ ವೈದ್ಯರು ಉತ್ತರ ಕರ್ನಾಟಕದ ಮಕ್ಕಳಲ್ಲಿ ಚೇಳಿನ ಕಡಿತದ ಸ್ವರೂಪವನ್ನೂ ಪ್ರಾಜೋಸಿನ್ನಿನ ಗುಣವನ್ನೂ ಕುರಿತು ೨೦೧೧ರಲ್ಲಿ ಲೇಖನ ಪ್ರಕಟಿಸಿದ್ದಾರೆ. ಇದರಿಂದ ಕೊಂಕಣದ ಅನುಭವವು ನಮ್ಮ ಸೀಮೆಗೂ ಸಂಬಂಧಿಸಿದ್ದೆಂಬುದು ಸ್ಪಷ್ಟವಾಗುತ್ತದೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲದೆ ೧೯೮೦ರ ದಶಕದಲ್ಲಿ ಆರಂಭವಾದ ಎರಡು ವೈದ್ಯಕೀಯ ಮಹಾವಿದ್ಯಾಲಯಗಳ ಆಸ್ಪತ್ರೆಗಳೂ ಇವೆ. ಆದರೆ ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಸುಮಾರು ೪೫ ಕಿಲೋಮೀಟರು, ಇಂಡಿಯಿಂದ ೫೫, ಸಿಂದಗಿಯಿಂದ ೬೦, ಮುದ್ದೇಬಿಹಾಳದಿಂದ ೮೦. ಇದು ತಾಲೂಕಿನ ಊರಿನಿಂದ ಲೆಕ್ಕ. ಭೀಮಾತೀರದ ಹಳ್ಳಿಯಿಂದಲೋ ಕೃಷ್ಣಾತೀರದ ತಾಂಡೆಯಿಂದಲೋ ತಾಲೂಕಿನ ಊರಿಗೆ ಬರುವ ಹಾದಿಯನ್ನು ಇದಕ್ಕೆ ಕೂಡಿಸಬೇಕು. ೨೦೦೮ರಲ್ಲಿ ೧೦೮ರ ವಾಹನಗಳು ಬಂದ ಮೇಲೆ ಹಾದಿಯು ಸುಗಮವಾಗಿದೆಯೆಂಬುದು ನಿಜ. ಆದರೂ ರಾತ್ರಿ ಹನ್ನೊಂದಕ್ಕೆ ಕಡಿತವಾಗಿ, ಮಂತ್ರಕ್ಕೆ ಒಂದು ಗಂಟೆ, ವಾಹನಕ್ಕೆ ಒಂದು ಗಂಟೆ, ಹಾದಿಗೆ ಎರಡು ಗಂಟೆ ಹೋದರೆ ಹೃದಯವು ಸೋಲತಕ್ಕ ಹೊತ್ತು ಹಾದಿಯಲ್ಲಿಯೇ ಕಳೆದಿರುತ್ತದೆ. ಸೋತ ಮೇಲೆ ಬೇಕಾಗುವುದು ಆಮ್ಲಜನಕ, ಡೊಬ್ಯುಟಮಿನ್, ಉಸಿರಾಟದ ಯಂತ್ರ, ಹಗಲಿರುಳಿನ ನಿಗಾ; ಅವು ದೊಡ್ಡ ಆಸ್ಪತ್ರೆಯ ಸೊತ್ತು. ಸೋಲುವ ಮೊದಲು ಬೇಕಾಗುವುದು ಒಂದು ಗುಳಿಗೆ.

ಆ ಗುಳಿಗೆಯ ಲೆಕ್ಕವು ಸರಳವಾದುದು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೩೦ ಮೈಕ್ರೋಗ್ರಾಮು. ಹತ್ತು ಕಿಲೋ ತೂಕದ ಮಗುವಿಗೆ ೩೦೦ ಮೈಕ್ರೋಗ್ರಾಮು, ಎಂದರೆ ಒಂದು ಮಿಲಿಗ್ರಾಮಿನ ಗುಳಿಗೆಯ ಮೂರನೆಯ ಒಂದು ಭಾಗಕ್ಕೂ ತುಸು ಕಡಿಮೆ. ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಇದನ್ನು ಕೊಡುವುದು ಮಹಾಡಿನ ಪದ್ಧತಿ. ಬರಿಯ ನೋವಿಗೆ ಇದನ್ನು ಕೊಡತಕ್ಕದ್ದಲ್ಲ. ಬೆವರು, ವಾಂತಿ, ತಣ್ಣನೆಯ ಪಾದಗಳು ಕಂಡಾಗ ವೈದ್ಯನು ಕೊಡುವ ಔಷಧವಿದು. ಮೊದಲ ಸಲ ಕೊಟ್ಟಾಗ ರಕ್ತದೊತ್ತಡವು ಥಟ್ಟನೆ ಇಳಿಯಬಹುದಾದ ಕಾರಣ ಮಗುವನ್ನು ಮಲಗಿಸಿಯೇ ಇರಿಸಬೇಕು. ಬೆವರು ವಾಂತಿಗಳಿಂದ ಹೋದ ನೀರನ್ನು ತುಂಬಿಕೊಡಬೇಕು. ನಮ್ಮ ಕಡೆಯ ತಾಯಂದಿರು ಕೂಸನ್ನು ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಓಡುವುದು ರೂಢಿ. ಗುಳಿಗೆ ಕೊಟ್ಟ ಮೇಲೆ ಅದು ಸಲ್ಲದು.

ಇಲ್ಲೊಂದು ಸಣ್ಣ ತೊಡಕನ್ನು ಹೇಳದೆ ಬಿಡುವಂತಿಲ್ಲ. ಪ್ರಾಜೋಸಿನ್ ಎರಡು ರೂಪಗಳಲ್ಲಿ ಬರುತ್ತದೆ. ರಕ್ತದೊತ್ತಡದ ದೊಡ್ಡವರಿಗಾಗಿ ಮಾಡಿದ, ಔಷಧವನ್ನು ದಿನವಿಡೀ ನಿಧಾನವಾಗಿ ಬಿಡುವ ಗುಳಿಗೆ ಒಂದು. ಸಾಮಾನ್ಯ ಗುಳಿಗೆ ಇನ್ನೊಂದು. ಮೊದಲನೆಯದನ್ನು ಮುರಿದು ಅಥವಾ ಅರೆದು ಮಗುವಿಗೆ ಕೊಡುವಂತಿಲ್ಲ. ಮುರಿದರೆ ಅದರ ನಿಧಾನಗತಿಯು ಕೆಡುತ್ತದೆ, ಪ್ರಮಾಣವೂ ತಪ್ಪುತ್ತದೆ. ದವಾಖಾನೆಯ ಕಪಾಟಿನಲ್ಲಿ ‘ಪ್ರಾಜೋಸಿನ್ ಇದೆ’ ಎಂದು ದಾಖಲೆಯಿದ್ದರೆ ಸಾಲದು, ಒಂದು ಮಿಲಿಗ್ರಾಮಿನ ಸಾಮಾನ್ಯ ಗುಳಿಗೆಯೇ ಇದೆಯೋ ಎಂಬುದನ್ನು ಬೇಸಗೆಗೆ ಮೊದಲು ನೋಡಿಟ್ಟುಕೊಳ್ಳಬ‌ೇಕು. ಮಗುವನ್ನು ಮುಂದಿನ ಆಸ್ಪತ್ರೆಗೆ ಕಳಿಸುವಾಗ ಜೊತೆಗೆ ಹೋಗುವ ಚೀಟಿಯಲ್ಲಿ ಕಡಿದ ವೇಳೆ, ಮಗುವಿನ ತೂಕ, ಗುಳಿಗೆ ಕೊಟ್ಟ ವೇಳೆ, ಆಗಿನ ನಾಡಿ ಹಾಗೂ ರಕ್ತದೊತ್ತಡ, ಪಾದಗಳು ಬೆಚ್ಚಗಿದ್ದವೋ ತಣ್ಣಗಿದ್ದವೋ ಎಂಬ ಐದು ಸಂಗತಿಗಳಿದ್ದರೆ ವಿಜಯಪುರದಲ್ಲಿ ಆ ಮಗುವನ್ನು ಬರಮಾಡಿಕೊಳ್ಳುವ ವೈದ್ಯರು ಮುಂದಿನ ಗುಳಿಗೆಯ ಹೊತ್ತನ್ನು ಕೂಡಲೇ ಎಣಿಸಬಲ್ಲರು.